ಕತ್ತರಿಸಿದ ಮೆಟ್ಟಿಲು

ಗಂಗಾಧರಯ್ಯನವರ ಹೊಸ ಮನೆಯಲ್ಲಿ ಎಲ್ಲವೂ ಇತ್ತು. ಸಿದ್ದಮ್ಮ ಒಳಗೆ ಬರುವುದಕ್ಕೊಂದು ದಾರಿ ಇರಲಿಲ್ಲ, ಅಷ್ಟೆ.

ಚಾಮರಾಜಪೇಟೆಯ ಆ ಬೀದಿಯಲ್ಲಿ ಮೊದಲು ಇದ್ದದ್ದು ಹಂಚಿನ ಮನೆ. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಬಾವಿ, ಬಾವಿಯಾಚೆ ಹಿತ್ತಲು, ಹಿತ್ತಲ ಕಟ್ಟಕಡೆಯಲ್ಲಿ ಗೋಡೆಗೆ ಅಂಟಿಕೊಂಡ ಕಕ್ಕಸು. ಆ ಗೋಡೆಯ ಹಿಂದೆ ಒಂದು ಕಿರಿದಾದ ಗಲ್ಲಿ. ಕಾಗದದಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್. ಜನರ ಬಾಯಲ್ಲಿ ತೋಟಿ ಗಲ್ಲಿ. ಈ ಬೀದಿ, ಹಿಂದಿನ ಬೀದಿ, ಎರಡರ ಮನೆಗಳೂ ಅದಕ್ಕೆ ಬೆನ್ನು ಹಾಕಿ ನಿಂತಿದ್ದವು. ಸಿದ್ದಮ್ಮನ ಅತ್ತೆ ತಲೆಯ ಮೇಲೆ ಮಲದ ಡಬ್ಬ ಹೊತ್ತು ಆ ಗಲ್ಲಿಯಲ್ಲೇ ನಡೆದಳು. ಹದಿನೈದರ ಸೊಸೆಯಾಗಿ ಬಂದ ಸಿದ್ದಮ್ಮ ಅತ್ತೆಯ ಹಿಂದೆ ನಡೆದಳು.

ತಲೆಯ ಮೇಲೆ ಮಲ ಹೊರಬಾರದೆಂದು ಸರ್ಕಾರ ಹೇಳಿತು. ಒಳಚರಂಡಿ ಬಂತು. ಡಬ್ಬ ಹೋಯಿತು. ಗಲ್ಲಿ ಹೋಗಲಿಲ್ಲ. ಪೊರಕೆ, ಬಕೀಟು, ಆಸಿಡ್ ಶೀಸೆ ಹಿಡಿದು ವಾರಕ್ಕೊಮ್ಮೆ ಕಕ್ಕಸು ತೊಳೆಯಲು ಬರುವವಳು ಆ ಗಲ್ಲಿಯಿಂದಲೇ ಬರಬೇಕು, ಅಲ್ಲಿಂದಲೇ ಹೋಗಬೇಕು. ಮೂವತ್ತು ವರ್ಷ ಆ ಮನೆಯ ಹೊಲಸು ಬಳಿದ ಸಿದ್ದಮ್ಮ ಅವರ ಮುಂಬಾಗಿಲನ್ನು ರಸ್ತೆಯಿಂದ ಮಾತ್ರ ನೋಡಿದ್ದಳು.

ಗಂಗಾಧರಯ್ಯನವರಿಗೆ ಮೂವರು ಗಂಡುಮಕ್ಕಳು. ಮೂವರಿಗೂ ಮದುವೆಯಾದ ಮೇಲೆ ಒಂದೇ ಒಲೆ ಸಾಲದಾಯಿತು. ಇಬ್ಬರು ಸೊಸೆಯರು ಬೆಳಗ್ಗೆ ಎದ್ದು ಆಫೀಸಿಗೆ ಹೋಗುವವರು. ಬಾವಿಯಿಂದ ನೀರು ಸೇದುವವರು ಯಾರು, ಅಷ್ಟುದ್ದ ಹಜಾರ ಸಾರಿಸುವವರು ಯಾರು? ಜೊತೆಗೆ ಮನೆಗೆ ಎರಡೇ ಮಕ್ಕಳು ಎಂಬ ಕಾಲ ಬಂದಿತ್ತು. ಹಿರಿಮಗ ನಂಜುಂಡ ಬ್ಯಾಂಕಿನ ಆಫೀಸರ್. ಅವನೇ ಸಾಲ ಮಂಜೂರು ಮಾಡಿಸಿಕೊಂಡ. ಎಂಬತ್ತೆರಡನೇ ಇಸವಿಯಲ್ಲಿ ಹಂಚಿನ ಮನೆ ಬಿತ್ತು. ಒಂದರ ಮೇಲೊಂದು ಮೂರು ಮನೆ ಎದ್ದವು. ಕೆಳಗೆ ಅಪ್ಪ ಅಮ್ಮನ ಜೊತೆ ಕಿರಿಯವನು, ನಡುವೆ ನಂಜುಂಡ, ಮೇಲೆ ಎರಡನೆಯವನು. ನಾಲ್ಕೇ ಜನರಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗಿದ್ದವು ಆ ಮನೆಗಳು. ಚಿಕ್ಕ ಹಾಲು, ಎರಡು ರೂಮು, ನಿಂತು ಅಡಿಗೆ ಮಾಡುವ ಕಟ್ಟೆ, ಅಡಿಗೆಮನೆಗೆ ಒಂದು ಗೋಡೆ ಮಾತ್ರ ಅಡ್ಡವಾಗಿ ಕಕ್ಕಸು.

ಮನೆಯೊಳಗೆ ಕಕ್ಕಸು ಎಂದಾಗ ಗಂಗಾಧರಯ್ಯನವರ ಹೆಂಡತಿ ಶಕುಂತಲಮ್ಮ ಮೊದಲು ರಾಮ ರಾಮ ಎಂದರು. ಮಳೆಯಲ್ಲಿ ಹಿತ್ತಲಿಗೆ ಓಡುವುದು ತಪ್ಪುತ್ತದೆ ಎಂದು ತಿಳಿದ ಮೇಲೆ ಸುಮ್ಮನಾದರು. ಆಮೇಲೆ ಇನ್ನೊಂದು ಯೋಚನೆ ಬಂತು.

"ಅಲ್ಲಾ, ಅದನ್ನ ತೊಳೆಯೋಕೆ ಸಿದ್ದಮ್ಮ ಹಾಲು ದಾಟ್ಕೊಂಡು, ದೇವರ ಗೂಡಿನ ಮುಂದೆ ಹಾದು ಬರ್ಬೇಕಾ?"

ಕಕ್ಕಸು ಒಳಗೆ ಬರಬಹುದು. ಅದನ್ನು ತೊಳೆಯುವವಳು ಬರಬಾರದು. ಜಯನಗರದಿಂದ ಬಂದಿದ್ದ ಇಂಜಿನಿಯರ್ ನಕ್ಕ. ಅವನಿಗೆ ಇದು ಹೊಸದಲ್ಲ.

"ಅದಕ್ಕೇನಮ್ಮಾ, ಹಿಂದ್ಗಡೆ ಕಬ್ಬಿಣದ್ದೊಂದು ಸುತ್ತು ಮೆಟ್ಲು ಹಾಕ್ಬಿಡೋಣ. ಗಲ್ಲಿಯಿಂದ ಹತ್ತಿ ಸೀದಾ ಆಯಾ ಮಹಡಿ ಬಾತ್‌ರೂಮಿಗೆ. ಅಲ್ಲೊಂದು ಚಿಕ್ಕ ಬಾಗ್ಲು. ನಿಮ್ಮ ಕಣ್ಣಿಗೂ ಬೀಳಲ್ಲ."

ಹಾಗೆ ಮೆಟ್ಟಿಲು ಬಂತು. ಒಬ್ಬಳು ಮೈ ಹಿಡಿ ಮಾಡಿಕೊಂಡು ಹತ್ತುವಷ್ಟು ಅಗಲ. ಬಿಸಿಲಲ್ಲಿ ಕಬ್ಬಿಣ ಕಾದು ಪಾದ ಸುಡುತ್ತಿತ್ತು. ಮಳೆಯಲ್ಲಿ ಜಾರುತ್ತಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಕೀಟು. ಪ್ರತಿ ಸುತ್ತಿಗೂ ಬಕೀಟು ಮೊಣಕಾಲಿಗೆ ಬಡಿಯುತ್ತಿತ್ತು. ಎರಡು ವರ್ಷ ಸಿದ್ದಮ್ಮ ಹತ್ತಿದಳು, ಇಳಿದಳು.

ಆಮೇಲೆ ಬೀದಿಯವರ ಕಣ್ಣು ಗಲ್ಲಿಯ ಮೇಲೆ ಬಿತ್ತು. ಡಬ್ಬದವರು ಬರುವುದಿಲ್ಲ, ಕಾರ್ಪೊರೇಷನ್ನಿನವರು ಕೇಳುವುದಿಲ್ಲ, ಇಷ್ಟು ಒಳ್ಳೆ ಜಾಗ ಸುಮ್ಮನೆ ಬಿದ್ದಿದೆ. ಒಬ್ಬರು ಅಲ್ಲಿ ಸೌದೆ ಒಟ್ಟಿದರು. ಇನ್ನೊಬ್ಬರು ಬಾಡಿಗೆಗೊಂದು ರೂಮು ಎಬ್ಬಿಸಿದರು. ಬಾಡಿಗೆ ಏರುತ್ತಿದ್ದ ಊರಲ್ಲಿ ಮೂರಡಿಗೂ ಬೆಲೆ ಇತ್ತು. ನಂಜುಂಡ ಹಳೆಯ ಫಿಯೆಟ್ ಕಾರು ಕೊಂಡ. ಮನೆಯ ಪಕ್ಕದ ಸಂದಿಯಿಂದ ಕಾರು ಹಿಂದಕ್ಕೆ ಹೋಗುತ್ತಿತ್ತು. ತನ್ನ ಪಾಲಿನ ಗಲ್ಲಿಯನ್ನು ಸೇರಿಸಿಕೊಂಡು ಗೋಡೆ ಕಟ್ಟಿಸಿ, ಮೇಲೆ ಆಸ್ಬೆಸ್ಟಾಸ್ ಶೀಟು ಹೊದಿಸಿ, ಶೆಡ್ ಮಾಡಿಸಿದ. ಸುತ್ತು ಮೆಟ್ಟಿಲು ಅಡ್ಡ ಬಂತು. ಅದಿದ್ದರೆ ಕಾರಿನ ಬಾಗಿಲು ತೆರೆಯುತ್ತಿರಲಿಲ್ಲ. ವೆಲ್ಡಿಂಗ್‌ನವನನ್ನು ಕರೆಸಿ ಶೀಟಿನ ಎತ್ತರದವರೆಗೂ ಮೆಟ್ಟಿಲು ಕೊಯ್ಯಿಸಿದ. ಉಳಿದದ್ದು ಶೀಟಿನ ಮೇಲಿನಿಂದ ಶುರುವಾಗಿ ಮೇಲಕ್ಕೆ ಹೋಗುವ ಮೆಟ್ಟಿಲು. ಕೆಳಗೆ ಏನೂ ಇಲ್ಲ.

ಓದಿದವರ ಮನೆ. ಬಿ.ಕಾಂ. ಇದ್ದರು, ಬಿ.ಇ. ಇದ್ದರು, ಎಂ.ಎ. ಸೊಸೆ ಇದ್ದಳು. ಆ ಮೆಟ್ಟಿಲು ಯಾರಿಗಾಗಿ ಹಾಕಿಸಿದ್ದು ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಸಿದ್ದಮ್ಮ ಸಂದಿಯಲ್ಲಿ ಬಂದು ನಿಂತು ಮೇಲೆ ನೋಡಿದಳು.

"ಮೆಟ್ಲೆಲ್ಲಿ ಓಯ್ತು ಬುದ್ದಿ?"

ನಂಜುಂಡ ನಾಲಿಗೆ ಕಚ್ಚಿಕೊಂಡ. ಆಮೇಲೆ ನಕ್ಕ. "ಅಯ್ಯೋ, ಅದೊಂದು ಮರ್ತೇಹೋಯ್ತು ನೋಡು. ಇರ್ಲಿ, ಏಣಿ ಹಾಕ್ಸ್ತೀನಿ."

ಬಿದಿರಿನ ಏಣಿ ಬಂತು. ಸಂದಿಯಿಂದ ಶೆಡ್ಡಿನ ಗೋಡೆಗೆ ಒರಗಿಸಿದರು. ಅವಳು ಏಣಿ ಹತ್ತಿ, ಶೀಟಿನ ಮೇಲೆ ಎಂಟು ಹೆಜ್ಜೆ ನಡೆದು, ಮೊಂಡು ಮೆಟ್ಟಿಲನ್ನು ಹಿಡಿಯಬೇಕು. ಕೆಳಗಿನಿಂದ ನಂಜುಂಡ ಪಾಠ ಹೇಳಿದ.

"ಮೊಳೆ ಹೊಡ್ದಿರೋ ಸಾಲಲ್ಲೇ ಕಾಲಿಡು. ಅದರ ಕೆಳಗೆ ತೊಲೆ ಇದೆ. ಮಧ್ಯ ಇಟ್ರೆ ಶೀಟು ತಡೆಯಲ್ಲ."

ಶೀಟು ತಡೆಯುವುದಿಲ್ಲವಂತೆ. ಅವಳ ಮೈ ತಡೆಯುತ್ತದೆಯೇ ಎಂದು ಅವನು ಹೇಳಲಿಲ್ಲ. ಮೂರು ಶುಕ್ರವಾರ ಸಿದ್ದಮ್ಮ ಮೊಳೆ ನೋಡಿಕೊಂಡು ನಡೆದಳು. ಹೋಗುವಾಗ ಬಕೀಟು ಖಾಲಿ. ಬರುವಾಗ ಕೆಲವು ಸಲ ತುಂಬಿರುತ್ತಿತ್ತು.

ನಾಲ್ಕನೆಯ ಶುಕ್ರವಾರ ಮಳೆ ಹನಿಯುತ್ತಿತ್ತು. ಇಳಿಯುವಾಗ ಕಾಲು ಒಂದು ಗೇಣು ಜಾರಿತು. ಅಷ್ಟೇ ಸಾಕಾಯಿತು. ಶೀಟು ಪಟಾರೆಂದು ಒಡೆದು ಬಲಗಾಲು ತೊಡೆಯವರೆಗೂ ಒಳಗೆ ಇಳಿಯಿತು. ಒಡೆದ ಅಂಚು ಮಾಂಸಕ್ಕೆ ಕಚ್ಚಿಕೊಂಡಿತು. ಎರಡೂ ಕೈ ಶೀಟಿನ ಮೇಲೆ ಊರಿ ಅವಳು ಅರ್ಧ ಮೇಲೆ, ಅರ್ಧ ಕೆಳಗೆ ನಿಂತಳು. ಕೆಳಗೆ ಕಾರಿನ ಪಕ್ಕ ನಂಜುಂಡನಿದ್ದ. ತಲೆಯ ಮೇಲೆ ರಕ್ತ ತೊಟ್ಟಿಕ್ಕುವ ಕಾಲು ನೇತಾಡುವುದನ್ನು ಕಂಡ.

"ಏಯ್! ಗಾಡಿ ಮೇಲೆ ಬೀಳ್ಬೇಡ ಕಣೇ!"

ಮೇಲೆ ಮಗನ ಮನೆಯ ಕಿಟಕಿಯಿಂದ ಶಕುಂತಲಮ್ಮನ ದನಿ ಬಂತು. "ಶೀಟು ಒಡೀತಾ?"

ಕೈ ಕೊಡಲು ಯಾರೂ ಬರಲಿಲ್ಲ. ಕೈ ಕೊಟ್ಟರೆ ಮುಟ್ಟಬೇಕಲ್ಲ. ಅವಳೇ ಕಾಲು ಎಳೆದುಕೊಂಡಳು. ಅವಳೇ ಮೊಳೆ ನೋಡಿಕೊಂಡು ನಡೆದಳು. ಅವಳೇ ಏಣಿ ಇಳಿದಳು. ಸೀರೆ ನೆನೆದು ಪಾದದವರೆಗೆ ರಕ್ತ ಇಳಿದಿತ್ತು. ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಹಾಕಿದರು.

ಗಂಡ ಹನುಮಂತಯ್ಯ ಕಾರ್ಪೊರೇಷನ್ನಿನಲ್ಲಿ ಕಸ ಗುಡಿಸುವವನು. ಮಾರ್ಕೆಟ್ಟಿನ ಹಿಂದಿನ ಕಾಲೋನಿಯಲ್ಲಿ ಅವರದೊಂದು ಕೋಣೆ. ಅವನು ಹೆಂಡತಿಯ ಕಾಲಿಗೆ ಅರಿಶಿನ ಮೆತ್ತುತ್ತಾ ಹೇಳಿದ.

"ಉಸಾರಾಗಿ ನಡೀಬೇಕಿತ್ತು ಕಣೆ ಸಿದ್ದಿ."

"ಉಸಾರಾಗಿ ನಡೀಬೇಕಾದೋಳು ನಾನಾ? ಮೆಟ್ಲು ಕುಯ್ಸಿದೋನು ಯಾರು?"

ಹನುಮಂತಯ್ಯ ಅರಿಶಿನದ ಬಟ್ಟಲು ಎತ್ತಿಟ್ಟ. ದೊಡ್ಡವರ ವಿಷಯ ಬಂದರೆ ಅವನ ಬಾಯಿಗೆ ಬೀಗ.

ಹೊಲಿಗೆ ಬಿಚ್ಚುವ ಹೊತ್ತಿಗೆ ಸಿದ್ದಮ್ಮ ಕುಂಟುತ್ತಾ ಅದೇ ಬೀದಿಯ ಬೇರೆ ಮನೆಗೆ ಕೆಲಸಕ್ಕೆ ಹೊರಟಿದ್ದಳು. ಗಂಗಾಧರಯ್ಯನವರ ಮನೆಯ ಮುಂದೆ ಒಂದು ಸೈಕಲ್ ನಿಂತಿತ್ತು. ಪ್ಲಂಬರ್ ಅಂಜನಪ್ಪನದು. ಅವನು ಮುಂಬಾಗಿಲಿನಿಂದ ಆಚೆ ಬಂದ. ಕೈಯಲ್ಲಿ ಚೀಲ, ಹೆಗಲ ಮೇಲೆ ಸುತ್ತಿದ ಸ್ಪ್ರಿಂಗ್ ಕಂಬಿ. ಕಂಬಿಯ ತುದಿಯಲ್ಲಿ ಇನ್ನೂ ಹೊಲಸು ಹತ್ತಿತ್ತು. ಶಕುಂತಲಮ್ಮ ಹಿಂದೆಯೇ ಬಂದು ಕಾಫಿ ಲೋಟ ಕೊಟ್ಟರು. ಅವನು ಹೊಸ್ತಿಲ ಮೇಲೆ ನಿಂತೇ ಕುಡಿದ.

ಸಿದ್ದಮ್ಮ ರಸ್ತೆಯಲ್ಲಿ ನಿಂತು ಕಾಫಿ ಮುಗಿಯುವವರೆಗೂ ನೋಡಿದಳು. ಅವನು ಕೈಯಿಟ್ಟದ್ದೂ ಅದೇ ಗುಂಡಿಗೆ. ಮೆತ್ತಿಕೊಂಡದ್ದೂ ಅದೇ ಹೇಲು. ಅವನು ಹಾಲು ದಾಟಿದ, ದೇವರ ಗೂಡಿನ ಮುಂದೆ ಹಾದ, ದೇವರಿಗೆ ಏನೂ ಆಗಲಿಲ್ಲ. ಅವನು ಮೇಸ್ತ್ರಿ. ಅವಳು ಸಿದ್ದಿ. ಮೂವತ್ತು ವರ್ಷ ಹೊಟ್ಟೆಯಲ್ಲಿ ಮುದುಡಿ ಕೂತಿದ್ದ ಸಿಟ್ಟು ಅಲ್ಲಿ ಎದ್ದು ನಿಂತಿತು. ಅಂಜನಪ್ಪ ಸೈಕಲ್ ಹತ್ತಿ ಹೋದ ಮೇಲೆ ಅವಳು ಗೇಟಿನ ಬಳಿ ಹೋದಳು.

"ಅಮ್ಮಾವ್ರೆ, ನಾಳಿಕ್ ಸುಕ್ರವಾರ. ಬತ್ತೀನಿ. ಆ ಮೇಸ್ತ್ರಿ ಬಂದ ಬಾಗ್ಲಲ್ಲೇ ಬತ್ತೀನಿ."

ಶಕುಂತಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂತ! ಎಲ್ರಿಗೂ ಇರೋ ಪದ್ಧತಿ ನಿನಗೊಬ್ಳಿಗೆ ಬೇಡ್ವಾ? ಏಣಿ ಹಾಕ್ಸಿದೀವಲ್ಲ."

"ಏಣಿ ನೀವತ್ತಿ ಅಮ್ಮಾವ್ರೆ. ನಾನತ್ತಲ್ಲ."

ಅಷ್ಟು ಹೇಳಿ ತಿರುಗಿ ನಡೆದಳು.  

ಮಾತು ಬೀದಿಯೆಲ್ಲ ಸುತ್ತಿತು. ಆ ಸಾಲಿನಲ್ಲಿ ಅವಳಿಗೆ ಐದು ಮನೆ. ವಾರ ಕಳೆಯುವುದರೊಳಗೆ ಇಬ್ಬರು, ನೀನಿನ್ನು ಬರಬೇಡ ಎಂದರು. ಇವತ್ತು ಅವರ ಮನೆಯ ಮುಂಬಾಗಿಲು ಕೇಳಿದವಳು ನಾಳೆ ನಮ್ಮದನ್ನೂ ಕೇಳುತ್ತಾಳೆ ಎಂಬ ಹೆದರಿಕೆ. ಹನುಮಂತಯ್ಯ ರಾತ್ರಿ ಉಣ್ಣದೆ ಮಲಗಿದ.

"ಕೈ ಕೆಸ್ರಾದ್ರೆ ಬಾಯ್ ಮೊಸ್ರು ಅಂತಾರೆ. ನೀನು ಮೊಸ್ರು ಗಡಿಗೆನೇ ಒದೀತಿದೀಯಲ್ಲೇ."

"ನನ್ ಕೈಗೆ ಕೆಸ್ರು, ಅವರ್ ಬಾಯ್ಗೆ ಮೊಸ್ರು. ಮುಚ್ಕೊಂಡ್ ಮಲೀಕೊ."

ಮುಂಬಾಗಿಲು ತೆರೆಯದ ಆ ಮನೆಗೆ ಮೂರು ವಾರ ಅವಳು ಹೋಗಲಿಲ್ಲ.

ನಂಜುಂಡನ ಎರಡನೆಯ ಮಗುವಿಗೆ ನಾಮಕರಣ ಗೊತ್ತಾಗಿತ್ತು. ಛತ್ರ ಬೇಡ, ಹೊಸ ಮನೆಯಲ್ಲೇ ಆಗಬೇಕೆಂದು ಗಂಗಾಧರಯ್ಯನವರ ಹಟ. ಹಂಚಿನ ಮನೆಯಿದ್ದಾಗ ಹಜಾರದಲ್ಲಿ ನೂರು ಎಲೆ ಹಾಕುತ್ತಿದ್ದರಂತೆ. ನಡುವಿನ ಮಹಡಿಯಲ್ಲಿ, ನಂಜುಂಡನ ನಾಲ್ಕು ಜನರ ಮನೆಗೆ ಐವತ್ತು ಜನ ಬಂದರು. ಬೆಳಗ್ಗೆ ಹತ್ತಕ್ಕೆ ಕಕ್ಕಸು ಕಟ್ಟಿಕೊಂಡಿತು. ಯಾರೋ ಮಗುವಿನ ಬಟ್ಟೆ ಒಳಗೆ ಹಾಕಿ ನೀರು ಸುರಿದಿದ್ದರು. ಮೇಲಿನ ಮನೆಗೂ ಈ ಮನೆಗೂ ಒಂದೇ ಪೈಪು. ಮೇಲೆ ಒಂದು ಚೊಂಬು ನೀರು ಹಾಕಿದರೆ ಇಲ್ಲಿ ಉಕ್ಕುತ್ತಿತ್ತು. ನೀರು ಹೊಸ್ತಿಲ ಅಂಚಿಗೆ ಬಂದಿತ್ತು. ಗೋಡೆಯಾಚೆ ಅಡಿಗೆಯವರು ಹೋಳಿಗೆ ಬೇಯಿಸುತ್ತಿದ್ದರು. ಅಂಜನಪ್ಪ ತಿರುಪತಿಗೆ ಹೋಗಿದ್ದ.

ನಂಜುಂಡ ರೇಷ್ಮೆ ಪಂಚೆಯಲ್ಲೇ ಸ್ಕೂಟರ್ ಹತ್ತಿ ಕಾಲೋನಿಗೆ ಬಂದ. ಹುಟ್ಟಿದಾರಭ್ಯ ಅವನು ಆ ಕಡೆ ತಲೆ ಹಾಕಿದವನಲ್ಲ. ಮೂಗು ಮುಚ್ಚಿಕೊಳ್ಳಬೇಕೆನಿಸಿದರೂ ಮುಚ್ಚಿಕೊಳ್ಳಲಿಲ್ಲ. ಹನುಮಂತಯ್ಯ ಎದ್ದು ಕೈ ಮುಗಿದ.

"ಸಿದ್ದಮ್ಮ, ಬಾ ತಾಯಿ, ಮರ್ಯಾದೆ ಪ್ರಶ್ನೆ."

"ಯಾವ್ ಬಾಗ್ಲು ಬುದ್ದಿ?"

"ಮುಂದಿನ ಬಾಗ್ಲಲ್ಲೇ ಬಾ. ಯಾರೂ ಏನೂ ಅನ್ನಲ್ಲ."

ಸಿದ್ದಮ್ಮ ಬಕೀಟು ಎತ್ತಿಕೊಂಡಳು. ಗೆದ್ದೆನೆಂದು ಅನ್ನಿಸಿತು. ಅವನ ಮಾತನ್ನು ಅವಳು ನಂಬಿದಳು.

ಮುಂದಿನ ಮೆಟ್ಟಿಲು ಅಗಲವಾಗಿತ್ತು, ತಣ್ಣಗಿತ್ತು. ಅವಳು ಹತ್ತುವಾಗ ಇಳಿಯುತ್ತಿದ್ದವರು ಗೋಡೆಗೆ ಸರಿದರು. ಹಾಲಿನಲ್ಲಿ ಆಗ ಎಲೆ ಹಾಕಿರಲಿಲ್ಲ. ಯಾರೋ ಹೆಂಗಸು ಮಗುವನ್ನು ಎತ್ತಿಕೊಂಡು ರೂಮಿನೊಳಕ್ಕೆ ಹೋದಳು. ಸಿದ್ದಮ್ಮ ತಲೆ ತಗ್ಗಿಸದೆ ದಾಟಿದಳು. ಬಾತ್‌ರೂಮಿನ ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಅವಳು ಕೂತಳು. ನೀರು ಪಾದ ಮುಚ್ಚುತ್ತಿತ್ತು. ಮೊದಲು ಪೊರಕೆಯ ಹಿಡಿಯಿಂದ ತಿವಿದಳು. ಆಗಲಿಲ್ಲ. ಕೈ ಹಾಕಿದಳು. ಮುಂಗೈ ಹೋಯಿತು, ಮೊಣಕೈ ಹೋಯಿತು. ಕೆನ್ನೆ ಗುಂಡಿಯ ಅಂಚಿಗೆ ತಾಗಿತು. ಬೆರಳಿಗೆ ಬಟ್ಟೆಯ ಚುಂಗು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಉಸಿರು ಹಿಡಿದು ಎಳೆದಳು. ಬಟ್ಟೆ ಬಂತು. ಅದರ ಹಿಂದೆ ಕಟ್ಟಿಕೊಂಡಿದ್ದದ್ದೆಲ್ಲ ಬಂತು. ಎಲ್ಲವನ್ನೂ ಬಾಚಿ ಬಕೀಟಿಗೆ ತುಂಬಿದಳು. ನೆಲ ತೊಳೆದಳು, ಆಸಿಡ್ ಹಾಕಿ ಉಜ್ಜಿದಳು, ಮತ್ತೆ ತೊಳೆದಳು. ಮುಕ್ಕಾಲು ಗಂಟೆ ಹಿಡಿಯಿತು. ಕೈ ತೊಳೆದುಕೊಂಡು ಬಕೀಟು ಎತ್ತಿ ಬಾಗಿಲು ಎಳೆದಳು. ಬಾಗಿಲು ಬರಲಿಲ್ಲ. ಹೊರಗಿನಿಂದ ಚಿಲಕ ಹಾಕಿದ್ದರು.

"ಅಮ್ಮಾವ್ರೆ, ಕೆಲ್ಸ ಆಯ್ತು. ಬಾಗ್ಲು ತೆಗೀರಿ."

ಶಕುಂತಲಮ್ಮನ ಪಿಸುದನಿ ಬಾಗಿಲಿಗೆ ಬಾಯಿಟ್ಟ ಹಾಗೆ ಹತ್ತಿರದಲ್ಲಿ ಕೇಳಿಸಿತು.

"ಪಂಕ್ತಿ ಕೂತಿದೆ ಕಣೇ. ಹಿಂದಿನ ಬಾಗ್ಲಿಂದ ಇಳ್ಕೊಂಡ್ಹೋಗು. ಏಣಿ ಇಡ್ಸಿದೀವಿ."

ಸಿದ್ದಮ್ಮ ಹಿಂದಿನ ಚಿಕ್ಕ ಬಾಗಿಲು ತೆರೆದಳು. ಮೊಂಡು ಮೆಟ್ಟಿಲು. ಅದರ ಕೆಳಗೆ ಶೀಟು. ಅವಳ ಕಾಲು ಇಳಿದಿದ್ದ ಕಡೆ ಹೊಸ ತುಂಡು ಹಾಕಿದ್ದರು. ಪಾಚಿಗಟ್ಟಿದ ಶೀಟು ಬೆಳಗಿನ ಜಡಿಮಳೆಗೆ ನೆನೆದು ಮಿರುಗುತ್ತಿತ್ತು. ಅಂಚಿನಲ್ಲಿ ಏಣಿಯ ಎರಡು ಕೊನೆ ಕಾಣುತ್ತಿದ್ದವು. ಬಕೀಟು ಅಂಚಿನವರೆಗೂ ತುಂಬಿತ್ತು. ತೊಡೆಯ ಗಾಯ ಜುಮ್ಮೆಂದಿತು.

ಕರೆಯಲು ಬಂದಾಗಲೇ ಅವರು ಇದನ್ನು ಯೋಚಿಸಿದ್ದರು. ಬರುವುದಕ್ಕೆ ಮುಂಬಾಗಿಲು, ಏಕೆಂದರೆ ಅವಳು ಬರಲೇಬೇಕಿತ್ತು. ಹೋಗುವಾಗ ಹೇಗೆ ಹೋದರೇನು? ಬಿದ್ದರೂ ಕಕ್ಕಸು ತೊಳೆದ ಮೇಲೆ ತಾನೇ ಬೀಳುವುದು.   ಚಿಕ್ಕ ಬಾಗಿಲನ್ನು ಎಳೆದು ಅಗುಳಿ ಹಾಕಿದಳು.

"ಅಮ್ಮಾವ್ರೆ, ನಾನಿಳಿಯಲ್ಲ. ಬಾಗ್ಲು ತೆಗೀರಿ."

"ಹಾಗಾದ್ರೆ ಊಟ ಆಗೋವರ್ಗೂ ಅಲ್ಲೇ ಕೂತಿರು. ಮೂರು ಪಂಕ್ತಿ ಆಗ್ಬೇಕು. ಕೂಗ್ಬೇಡ, ದಮ್ಮಯ್ಯ."

ಮೂರು ಪಂಕ್ತಿ ಎಂದರೆ ಮೂರು ಗಂಟೆ. ಕಕ್ಕಸಿನೊಳಗೆ, ಬಕೀಟಿನ ಪಕ್ಕ, ಹೊರಗಿನಿಂದ ಚಿಲಕ. ಸಿದ್ದಮ್ಮ ಪೊರಕೆ ತಿರುಗಿಸಿ ಹಿಡಿದು ಬಾಗಿಲಿಗೆ ಬಡಿದಳು. ಒಮ್ಮೆ ಬಡಿದಳು. ಹಾಲಿನ ಮಾತು ನಿಂತಿತು. ಮತ್ತೆ ಬಡಿದಳು. ಮತ್ತೆ, ಮತ್ತೆ. ಪ್ಲೈವುಡ್ಡಿನ ಬಾಗಿಲು. ಮನೆಯೆಲ್ಲ ಗುಡುಗಿತು. ಮಗು ಕಿರುಚಿ ಅಳಲು ಶುರು ಮಾಡಿತು.

ಚಿಲಕ ಸರಿದ ಸದ್ದಾಯಿತು. ನಂಜುಂಡ ಒಂದು ಗೇಣು ಬಾಗಿಲು ತೆಗೆದು ಹಲ್ಲು ಕಚ್ಚಿದ. "ನಿನಗೇನು ಬಂತೇ? ಮಾನ ತೆಗೀತೀಯಾ?"

"ಮುಂದಿನ್ ಬಾಗ್ಲು ಅಂದ್ರಲ್ಲ ಬುದ್ದಿ. ಮಾತು ಕೊಟ್ಟೋರು ನೀವು."

ಹೆಗಲಿನಿಂದ ಬಾಗಿಲು ನೂಕಿದಳು. ರೇಷ್ಮೆ ಪಂಚೆ ಸೆಳೆದುಕೊಂಡು ಅವನು ಹಿಂದಕ್ಕೆ ಹಾರಿದ.

ಹಾಲು ಚಿಕ್ಕದು. ಎರಡು ಸಾಲು ಎಲೆ ಎದುರೆದುರು ಹಾಕಿ, ಬಾತ್‌ರೂಮಿನ ಬಾಗಿಲ ತನಕ ಜನರನ್ನು ಕೂರಿಸಿದ್ದರು. ನಡುವೆ ಬಡಿಸುವವರು ಓಡಾಡುವಷ್ಟು ಜಾಗ. ಮುಂಬಾಗಿಲಿಗೆ ಇದ್ದದ್ದು ಅದೊಂದೇ ದಾರಿ. ಮನೆಯ ನಕ್ಷೆಯಲ್ಲಿ ಬೇರೆ ದಾರಿ ಇತ್ತು. ಅದನ್ನು ಕೊಯ್ಯಿಸಿದವರು ಅವರೇ.

ಸಿದ್ದಮ್ಮ ಎಲೆಗಳ ನಡುವೆ ನಡೆದಳು. ಬಲಗಾಲು ಎಳೆಯುತ್ತಿತ್ತು. ಬಕೀಟು ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಯಾರ ಎಲೆಯ ಮೇಲೂ ಒಂದು ಹನಿ ಬೀಳಿಸಬಾರದೆಂಬ ಎಚ್ಚರ ಅವಳಿಗಿತ್ತು. ಅನ್ನ ಅನ್ನವೇ. ಸಾರು ಕಲಸಿದ ಕೈಗಳು ಅಲ್ಲಲ್ಲೇ ನಿಂತವು. ಒಬ್ಬರು ಓಕರಿಸಿದರು. ಇಬ್ಬರು ಎದ್ದರು. ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದು ರೂಮಿನೊಳಕ್ಕೆ ನುಗ್ಗಿದ.

ಕೊನೆಯಲ್ಲಿ, ಮುಂಬಾಗಿಲಿಗೆ ಅಡ್ಡವಾಗಿ, ಗಂಗಾಧರಯ್ಯನವರು ಎದ್ದು ನಿಂತರು. ಎಂಜಲು ಕೈ ಚಾಚಿದ್ದರು.

"ಹೋಗು ಹಿಂದಕ್ಕೆ! ಎಲೆ ಮುಂದೆ ಹೇಲು ಹೊತ್ಕೊಂಡು ಬರ್ತೀಯಾ ಮುಂಡೆ!"

"ನಿಮ್ದೇ ಸ್ವಾಮಿ ಇದು. ನಾನು ಮನೆಯಿಂದ ತಂದಿದ್ದಲ್ಲ."

"ಹಿಂದಕ್ಕೆ ಹೋಗು ಅಂದೆ!"

"ಹಿಂದಕ್ಕೆ ದಾರಿ ಇಲ್ಲ ಸ್ವಾಮಿ. ಕಾರು ನಿಂತೈತೆ."

ಅವರು ಕದಲಲಿಲ್ಲ. ಸಿದ್ದಮ್ಮನ ತೋಳು ಸೋಲುತ್ತಿತ್ತು. ಹಿಂದೆ ನೋಡಿದಳು. ಬಾತ್‌ರೂಮಿನ ಬಾಗಿಲು ತೆರೆದೇ ಇತ್ತು. ಮುಂದೆ ನೋಡಿದಳು. ಬಾಗಿ ಬಕೀಟನ್ನು ಎರಡು ಎಲೆಗಳ ನಡುವೆ ನೆಲದ ಮೇಲೆ ಮೆಲ್ಲಗೆ ಇಟ್ಟಳು. ಸೊಂಟ ನೆಟ್ಟಗೆ ಮಾಡಿದಳು. ಬರಿಗೈಯಲ್ಲಿ ಗಂಗಾಧರಯ್ಯನವರ ಕಡೆಗೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಮುಟ್ಟಿಯೇಬಿಡುತ್ತಾಳೆ ಎಂಬ ಭಯಕ್ಕೆ ಅವರೇ ಗೋಡೆಗೆ ಒತ್ತಿಕೊಂಡರು. ದಾರಿಯಾಯಿತು.

"ಬಕೀಟು! ಬಕೀಟು ತಗೊಂಡ್ಹೋಗೇ!" ನಂಜುಂಡ ಕೂಗಿದ.

"ಇಷ್ಟು ಜನ ಇದೀರಲ್ಲ," ಅಂದಳು.

ಅವಳು ಮೆಟ್ಟಿಲು ಇಳಿದಳು. ಉಳಿದ ಮೂರು ಮನೆಯ ಕೆಲಸವೂ ನಾಳೆಯಿಂದ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಹನುಮಂತಯ್ಯ ಬಯ್ಯುತ್ತಾನೆಂದೂ ಗೊತ್ತಿತ್ತು. ಮೇಲೆ ಐವತ್ತು ಜನರಿದ್ದರು. ಶಕುಂತಲಮ್ಮ ಮೊದಲು ಮಗನನ್ನು ಕರೆದರು, ಆಮೇಲೆ ಅಡಿಗೆಯವರನ್ನು, ಆಮೇಲೆ ಯಾರನ್ನೂ ಹೆಸರು ಹಿಡಿಯದೆ ಕೂಗತೊಡಗಿದರು.

"ಯಾರಾದ್ರೂ ಎತ್ರೋ ಅದನ್ನ! ಯಾರಾದ್ರೂ ಎತ್ರೋ!"

ಸಿದ್ದಮ್ಮ ಗೇಟು ದಾಟಿ ಬೀದಿಯ ತಿರುವಿಗೆ ಬಂದಾಗಲೂ ಆ ಕೂಗು ನಿಂತಿರಲಿಲ್ಲ.